ಲೋಚ್ ಮೀನುಗಳ ಟೋಟಲ್ ಲಾಸ್

ಸರ್ವೇಯರ್ ಮಹಾಶಯರಿಗೆ ಮನೆಯಲ್ಲಿ ಒಂದು ಕೆಟ್ಟ ಹೆಸರಿತ್ತು: ಜೀವವಿರುವ ಯಾವುದನ್ನೂ ಇವರ ಕೈಗೆ ಕೊಡಬಾರದು. ಬಾಲ್ಕನಿಯ ಮನಿಪ್ಲಾಂಟ್ ಇವರ ಉಪಚಾರಕ್ಕೆ ಒಣಗಿ ಹೋಗಿತ್ತು. ಪಾಪಾಸುಕಳ್ಳಿ ಕೊಳೆತು ಹೋಗಿತ್ತು. (ಪಾಪಾಸುಕಳ್ಳಿಯನ್ನು ಕೊಲ್ಲುವುದಕ್ಕೆ ವಿಶೇಷ ಪ್ರತಿಭೆಯೇ ಬೇಕು.) ಪಕ್ಕದ ಮನೆಯವರು ನಂಬಿ ಒಪ್ಪಿಸಿದ್ದ ಗಿಣಿ, ಇವರು ಪಂಜರ ಒರೆಸಲು ಬಾಗಿಲು ತೆಗೆದಾಗ, ಹಿಂದೆ ತಿರುಗಿಯೂ ನೋಡದೆ ಹಾರಿಹೋಗಿತ್ತು.

ಸರ್ವೇಯರ್ ಎಂದರೆ ನೆಲ ಅಳೆಯುವವರಲ್ಲ, ವಿಮಾ ಕಂಪನಿಯವರು. ನುಜ್ಜುಗುಜ್ಜಾದ ಕಾರನ್ನು ಸುತ್ತಿ ಬಂದು, ಯಾವುದನ್ನೂ ಮುಟ್ಟದೆ, ನಾಲ್ಕೂ ಕಡೆಯಿಂದ ಫೋಟೋ ತೆಗೆದು, "ರಿಪೇರಿ" ಎಂದೋ "ಟೋಟಲ್ ಲಾಸ್" ಎಂದೋ ತೀರ್ಪು ಕೊಡುವುದು ಅವರ ಉದ್ಯೋಗ. ಆ ತೀರ್ಪು ಇಲ್ಲಿಯವರೆಗೆ ತಪ್ಪಿರಲಿಲ್ಲ.

ಅವರ ಹೆಂಡತಿ ಔಷಧದ ಅಂಗಡಿ ನಡೆಸುತ್ತಾರೆ. ಅಂಗಡಿ ಮುಚ್ಚಿ ಬಂದವರೇ ಹಾಲ್‌ನಲ್ಲಿರುವ ಗಾಜಿನ ತೊಟ್ಟಿಯ ಮುಂದೆ ಕೂರುತ್ತಾರೆ. ಅದರಲ್ಲಿ ಆರು ಲೋಚ್ ಮೀನುಗಳು. ಕಿತ್ತಳೆ ಮೈ, ಕಪ್ಪು ಪಟ್ಟೆ, ಮೂತಿಗೆ ಪುಟ್ಟ ಮೀಸೆ. ಒಂಟಿಯಾಗಿ ಬಾಳುವ ಜಾತಿಯಲ್ಲ. ಒಂದು ಹೋದಲ್ಲಿಗೆ ಆರೂ ಹೋಗಬೇಕು. ಮಡಕೆಯ ಚೂರಿನಡಿ ಒಂದು ನುಗ್ಗಿದರೆ ಉಳಿದವೂ ಅಲ್ಲಿಗೇ ನುಗ್ಗಿ, ಬಸ್ಸಿನ ಸೀಟಿಗೆ ಬಡಿದಾಡುವವರ ಹಾಗೆ ತಳ್ಳಾಡುತ್ತವೆ. "ನೋಡ್ರೀ, ದೊಡ್ಡಕ್ಕ ಇವತ್ತು ಮುನಿಸ್ಕೊಂಡಿದಾಳೆ" ಎಂದು ಹೆಂಡತಿ ಎಲ್ಲಕ್ಕಿಂತ ದಪ್ಪ ಮೀನನ್ನು ತೋರಿಸಿ ಹೇಳಿದರೆ ಪೇಪರಿನ ಹಿಂದಿನಿಂದ "ಹೂಂ" ಎಂದು ಉತ್ತರ ಬರುತ್ತಿತ್ತು. (ಅವರ ದಾಂಪತ್ಯ ಈ "ಹೂಂ" ಎಂಬ ಕಂಬದ ಮೇಲೇ ನಿಂತಿತ್ತು.)

ಹೀಗಿರುವಾಗ ಹೆಂಡತಿಯ ಅಕ್ಕನಿಗೆ ಮಂಡಿ ಆಪರೇಷನ್ ಆಯಿತು. ಹೊರಡಲೇಬೇಕು.

"ಮೀನು ನಾನು ನೋಡ್ಕೋತೀನಿ ಕಣೇ."

"ಗಿಣೀನೂ ನೀವೇ ನೋಡ್ಕೊಂಡಿದ್ರಿ."

"ಒಂದೇ ಒಂದು ಚಾನ್ಸ್ ಕೊಡು."

ಹೆಂಡತಿ ಮೀನಿನ ಊಟದ ಡಬ್ಬಿಯನ್ನು ಅವರ ಕೈಗಿಟ್ಟರು. "ಸರಿ. ಚಿಟಿಕೆಯಷ್ಟು ಊಟ ಹಾಕಿ, ಜಾಸ್ತಿ ಬೇಡ. ಅವಕ್ಕೇನಾದ್ರೂ ಆಯ್ತೋ, ಇನ್ನು ನಿಮ್ಮನ್ನ ನಂಬಿ ಒಲೆ ಮೇಲೆ ಹಾಲೂ ಇಡಲ್ಲ ನಾನು."

ಮಾತು ಚುರುಕ್ಕೆಂದಿತು. ಈ ಸಲ ಹೆಸರು ಉಳಿಸಿಕೊಳ್ಳಲೇಬೇಕು ಎಂದು ಅವರು ಮನಸ್ಸಿನಲ್ಲೇ ಪಣ ತೊಟ್ಟರು. ಹೊತ್ತು ಹೊತ್ತಿಗೆ ಊಟ ಹಾಕಿದರು. ಪೇಪರ್ ಬದಿಗಿಟ್ಟು ತೊಟ್ಟಿ ನೋಡತೊಡಗಿದರು. ಮೊದಮೊದಲು ಇವರನ್ನು ಕಂಡರೆ ಅಡಗುತ್ತಿದ್ದ ಮೀನುಗಳು ಬರಬರುತ್ತಾ ಗಾಜಿನ ಹತ್ತಿರ ಬಂದು, ತಿನ್ನುವಾಗ ಟಿಕ್ ಟಿಕ್ ಎಂದು ಸದ್ದು ಮಾಡಿದವು. ಸರ್ವೇಯರರಿಗೆ ಕಣ್ಣು ತುಂಬಿ ಬಂತು. ಆ ಸಂತೋಷಕ್ಕೆ ಅವತ್ತು ಚಿಟಿಕೆ ಹೋಗಿ ಹಿಡಿಯಾಯಿತು.

ಮಧ್ಯಾಹ್ನ ಮನೆಗೆ ಬಂದು ನೋಡಿದರೆ, ಆರಕ್ಕೆ ಆರೂ ಮರಳಿನ ಮೇಲೆ ಮಗ್ಗುಲಾಗಿ ಬಿದ್ದಿವೆ!

ಬೇರೆ ಯಾರಾದರೂ ಗಾಜು ತಟ್ಟಿ ನೋಡುತ್ತಿದ್ದರು. ಇವರು ಅನುಭವಸ್ಥರು. ಅಪಘಾತದ ಸ್ಥಳದಲ್ಲಿ ಏನನ್ನೂ ಮುಟ್ಟಬಾರದು. ತೊಟ್ಟಿಯ ಸುತ್ತ ಬಂದರು, ಬಗ್ಗಿ ನೋಡಿದರು, ನಾಲ್ಕೂ ಕಡೆಯಿಂದ ಫೋಟೋ ತೆಗೆದರು. "ಟೋಟಲ್ ಲಾಸ್" ಎಂದು ಘೋಷಿಸಿ, ಸಾಕುಮೀನಿನ ಅಂಗಡಿಗೆ ಓಡಿದರು.

"ಆರು ಲೋಚ್ ಕೊಡಿ. ಇದೇ ಸೈಜು, ಇದೇ ಪಟ್ಟೆ" ಎಂದು ಮೊಬೈಲಿನ ಹಳೆಯ ಚಿತ್ರ ತೋರಿಸಿದರು.

"ಇವು ಚೆನ್ನಾಗೇ ಇವೆಯಲ್ಲ ಸಾರ್, ಮತ್ಯಾಕೆ?"

ಸತ್ತವು ಎನ್ನಲು ನಾಲಿಗೆ ಏಳಲಿಲ್ಲ. "ಸಂಸಾರ ದೊಡ್ಡದಾಗ್ಲಿ ಅಂತ."

ಅಂಗಡಿಯವನಿಗೆ ಈ ಉದಾತ್ತ ಭಾವನೆ ಬಹಳ ಹಿಡಿಸಿತು.

ಮನೆಗೆ ಬಂದು ಹೊಸ ಮೀನಿನ ಪ್ಲಾಸ್ಟಿಕ್ ಚೀಲವನ್ನು ತೊಟ್ಟಿಯಲ್ಲಿ ತೇಲಿಬಿಟ್ಟದ್ದೇ ತಡ, ಕೆಳಗೆ ಒಂದು ಮೀಸೆ ಅಲುಗಿತು. ದಿವಂಗತ ದೊಡ್ಡಕ್ಕ ಎದ್ದು ಬಂದು ಚೀಲದೊಳಗಿನ ನೆಂಟರನ್ನು ವಿಚಾರಿಸತೊಡಗಿದಳು. ಹಿಂದೆಯೇ ಉಳಿದ ಐವರು! ಈ ಮೀನುಗಳು ಹೊಟ್ಟೆ ತುಂಬಿದರೆ ಹೀಗೇ ಮಗ್ಗುಲಾಗಿ ನಿದ್ದೆ ಹೊಡೆಯುತ್ತವೆ. ಹೆಂಡತಿ ಹಲವು ಸಲ ಹೇಳಿದ್ದರು, ಇವರು ಹಲವು ಸಲ "ಹೂಂ" ಅಂದಿದ್ದರು. ಸಂತೋಷಕ್ಕೆ ಚಪ್ಪಾಳೆ ತಟ್ಟಹೋಗಿ ಮೊಣಕೈ ತಗುಲಿ, ಬಾಯಿ ಬಿಚ್ಚಿದ್ದ ಚೀಲ ತೊಟ್ಟಿಯಲ್ಲೇ ಮಗುಚಿಕೊಂಡಿತು. ಹೊಸಬರೂ ಹಳಬರೂ ಒಂದೇ ಮಡಕೆ ಚೂರಿನಡಿ ನುಗ್ಗಿದರು. ಯಾರನ್ನು ಹಿಡಿದು ವಾಪಸು ಕೊಡುವುದು?

ಹೆಂಡತಿ ಅಕ್ಕನ ಮನೆಯಿಂದ ಬಂದವರೇ ಕೈಚೀಲವನ್ನೂ ಇಳಿಸದೆ ತೊಟ್ಟಿಯ ಮುಂದೆ ನಿಂತರು. "ರೀ, ಹನ್ನೆರಡಿವೆ."

"ಮರಿ ಹಾಕಿರ್ಬೇಕು."

"ಮರಿ?"

"ಹೂಂ."

"ಮನೆ ತೊಟ್ಟೀಲಿ ಇವು ಮರಿ ಮಾಡಿದ್ದನ್ನ ನಮ್ಮ ಸಂಘದಲ್ಲಿ ಯಾರೂ ನೋಡಿಲ್ಲ ಕಣ್ರೀ!"

ಅಲ್ಲಿಗಾದರೂ ಬಾಯಿ ಮುಚ್ಚಬಹುದಿತ್ತು. "ಎಲ್ಲಾ ಕೈಗುಣ" ಎಂದುಬಿಟ್ಟರು.

ಭಾನುವಾರ ಮೀನು ಸಾಕುವವರ ಸಂಘವೇ ಹಾಲ್‌ಗೆ ಬಂದಿಳಿಯಿತು. ಲಾಯರಮ್ಮ, ಹಲ್ಲಿನ ಡಾಕ್ಟರು, ಇನ್ನೂ ಯಾರು ಯಾರೋ. ಎಲ್ಲರೂ ತೊಟ್ಟಿಯ ಮುಂದೆ ನೆಲದ ಮೇಲೆ ಕೂತು, ಗುಟ್ಟು ಹೇಳಿ ಎಂದು ಗಂಟುಬಿದ್ದರು. ಸರ್ವೇಯರರು ಗಂಟಲು ಸರಿಮಾಡಿಕೊಂಡರು. ಮಂದ ಬೆಳಕು, ಮಧುರ ವಾತಾವರಣ, ಬೆಳಗ್ಗೆ ಪೇಪರಿನ ಸಂಪಾದಕೀಯದ ಗಟ್ಟಿ ವಾಚನ ಎಂದು ವಿವರಿಸಿದರು.

"ಮರಿಗಳೂ ತಾಯಿಯಷ್ಟೇ ದಪ್ಪ ಇದಾವಲ್ಲ ಸಾರ್?" ಎಂದರು ಹಲ್ಲಿನ ಡಾಕ್ಟರು.

"ಊಟ ಹಾಗಿತ್ತು ಡಾಕ್ಟ್ರೇ."

ಹೆಂಡತಿ ಗಲ್ಲಕ್ಕೆ ಕೈಕೊಟ್ಟು ಕೇಳುತ್ತಿದ್ದರು. ಅಷ್ಟರಲ್ಲಿ ಸಂಘದ ಕಾರ್ಯದರ್ಶಿ ತಡವಾಗಿ ಒಳಗೆ ಬಂದ. ನೋಡಿದರೆ ಅದೇ ಮೀನಂಗಡಿಯವನು!

"ಏನ್ ಸಾರ್, ನಾನು ಕೊಟ್ಟ ಆರೂ ಹೊಂದ್ಕೊಂಡ್ವಾ?"

ಸರ್ವೇಯರರಿಗೆ ನಿಂತ ನೆಲ ಬಾಯಿಬಿಡಬಾರದೇ ಅನ್ನಿಸಿತು. ನಿದ್ದೆ, ಫೋಟೋ, ಓಟ, ಎಲ್ಲವನ್ನೂ ತಲೆ ತಗ್ಗಿಸಿ ಒಪ್ಪಿಕೊಂಡರು.

"ಮರಿ ಅಂದಾಗ್ಲೇ ನಂಗೆ ಗೊತ್ತಾಯ್ತು" ಎಂದರು ಹೆಂಡತಿ.

"ಮತ್ತೆ ಇವರನ್ನೆಲ್ಲ ಯಾಕೆ ಕರೆಸ್ದೆ?"

"ಅಷ್ಟು ಚೆಂದದ ಸುಳ್ಳು ನಾನೊಬ್ಬಳೇ ಕೇಳಿದ್ರೆ ದಂಡ ಅಲ್ವಾ?"

ಎಲ್ಲರೂ ಬಿದ್ದು ಬಿದ್ದು ನಕ್ಕರು. ನಗದೆ ಉಳಿದವರು ಲಾಯರಮ್ಮ ಒಬ್ಬರೇ. ಕನ್ನಡಕ ಮೇಲೆ ತಳ್ಳಿ ಪಾಟೀಸವಾಲಿಗೆ ಇಳಿದರು.

"ಅಂದ್ರೆ ನಿಮ್ಮ ಹತ್ರ ಬಿಟ್ಟ ಮೀನು ಸತ್ರೆ, ಅಂಥದ್ದೇ ಹೊಸದು ತಂದಿಡ್ತೀರಿ?"

"ಹೌದಮ್ಮ."

"ಸಾಯದೇ ಇದ್ರೂ ತಂದಿಡ್ತೀರಿ?"

"...ತಂದಿದೀನಲ್ಲ."

ಲಾಯರಮ್ಮ ಸಂಘದ ಕಡೆ ತಿರುಗಿದರು. "ಇಂಥ ನಂಬಿಕಸ್ಥರು ಇನ್ನೆಲ್ಲಿ ಸಿಗ್ತಾರೆ ಹೇಳಿ? ನಾವು ಬರೋ ವಾರ ಪ್ರವಾಸ ಹೋಗ್ತಿದೀವಿ. ನಮ್ಮ ತೊಟ್ಟಿ ಇಲ್ಲೇ ಇರ್ಲಿ."

"ನಮ್ಮದೂ" ಎಂದರು ಹಲ್ಲಿನ ಡಾಕ್ಟರು. "ನಮ್ಮದೂ" ಎಂದು ಹಿಂದಿನ ಸಾಲಿನಿಂದ ಕೈಗಳೆದ್ದವು. ಸರ್ವೇಯರರು ಬಾಯಿ ತೆರೆಯುವಷ್ಟರಲ್ಲಿ ಹೆಂಡತಿ ಹೆಮ್ಮೆಯಿಂದ, "ಧಾರಾಳವಾಗಿ ತನ್ನಿ, ಇವರು ನೋಡ್ಕೋತಾರೆ" ಎಂದುಬಿಟ್ಟರು.

ಹೊರಡುವಾಗ ಅಂಗಡಿಯವನು ಸರ್ವೇಯರರ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದು ಕುಲುಕಿದ.

"ಸಾರ್, ನೀವು ಬರ್ತೀನಿ ಅಂದ್ರೆ ರಜಾ ದಿನಾನೂ ಅಂಗಡಿ ತೆಗೀತೀನಿ."