ಟೇಬಲ್ಲಿಗೂ ನನಗೂ ಆದ ವರ್ಗ

ಸರಕಾರಿ ನೌಕರಿಯಾಗ ವರ್ಗ ಆದಾಗೆಲ್ಲ ಏನರೆ ಒಂದು ಫಜೀತಿ ಆಗೇ ಆಗ್ತದ. ನನ್ನ ನಸೀಬಿಗೆ ಮಾತ್ರ ಮೂರೂ ಊರಿನ ಫಜೀತಿಯಾಗ ಅದೇ ಒಂದು ಹಸಿರು ಬಟ್ಟಿಯ ಬಿಲಿಯರ್ಡ್ಸ್ ಟೇಬಲ್ ಇತ್ತು. ಕೋಲಿಲೆ ಚೆಂಡು ಹೊಡೆದು ಮೂಲಿ ತೂತಿಗೆ ಬೀಳಿಸೂ ಆಟ. ಎಪ್ಪತ್ತರ ದಶಕದಾಗ ಶುರು ಆದ ಕಥಿ ಇದು.

೧. ರಾಯಚೂರು: ಮೊದಲು ನೀವು

ನಮ್ಮ ಕಚೇರಿ ಹಿಂದಿನ ಹಳೇ ಕ್ಲಬ್ಬಿನಾಗ ಆ ಟೇಬಲ್ ಇತ್ತು. ದಿನಾ ಸಂಜಿ ಬರೋರು ಇಬ್ಬರೇ: ಬಟ್ಟಿ ಅಂಗಡಿಯ ಹಿರೇ ಮಿಯಾಸಾಹೇಬರು, ಮತ್ತ ಸಂಸ್ಕೃತದ ಮಾಸ್ತರು.

"ಬಿಸ್ಮಿಲ್ಲಾ ನೀವೇ ಮಾಡ್ರಿ ಮಾಸ್ತರ್," ಅಂತ ಮಿಯಾಸಾಹೇಬರು ಕೋಲು ಕೊಡೋರು.

"ಛೇ, ವಯಸ್ಸಿಗೆ ನೀವು ಹಿರಿಯರು."

"ವಯಸ್ಸಿಗೆ ನಾನು, ಇಲ್ಮಿಗೆ, ವಿದ್ಯಾಕ್ಕ, ನೀವು."

ಕೋಲು ಈ ಕೈಯಿಂದ ಆ ಕೈಗೆ ಹೋಗತಿತ್ತು. ಚಹಾ ಬರತಿತ್ತು, ಅಡಕಿ ಬರತಿತ್ತು, ವಾಚ್‌ಮನ್ ಬೀಗ ಹಿಡ್ಕೊಂಡು ಬರತಿದ್ದ. ನಾನು ಹೊಸಬ. ಒಂದಿನ ವಾಚ್‌ಮನ್‌ಗೆ ಕೇಳಿದೆ, "ಇವರಾಗ ಜಾಸ್ತಿ ಗೆಲ್ಲೋರು ಯಾರಪಾ?"

"ಗೆಲ್ಲೂದು ದೂರ ಉಳೀತ್ರಿ," ಅಂದ. "ಇಲ್ಲಿ ಬಂದು ಆರು ವರ್ಷ ಆತು, ಶುರು ಆದದ್ದೇ ನಾ ನೋಡಿಲ್ಲ."

೨. ಮಾನ್ವಿ: ಎಲ್ಲಾರ ಆಟ

ಕ್ಲಬ್ಬಿನವರು ಆ ಟೇಬಲ್ಲನ್ನ ಮಾನ್ವಿಯ ಅಕ್ಕಿ ಗಿರಣಿ ಮಾಲೀಕರಿಗೆ ಮಾರಿದರು. ಅದೇ ವರ್ಷ ನನಗೂ ಮಾನ್ವಿಗೆ ವರ್ಗ ಆತು.

ಅಲ್ಲಿ ಮೊದಲು ಯಾರು ಅನ್ನೂ ತಕರಾರೇ ಇಲ್ಲ. ಒಬ್ಬ ಹೊಡ್ಯಾಕ ಬಗ್ಗಿದರ ಎಂಟು ಮಂದಿ ಅವನ ಕೂಡ ಬಗ್ಗೋರು. "ಎಡಕ್ಕ ಹಿಡೀರಿ", "ಬ್ಯಾಡ ಬ್ಯಾಡ, ಬಲಕ್ಕ", ಇದೇ ಮಾತು.

ಒಂದಿನ ನಾನೂ ಮಾಲೀಕರೂ ಆಡಾಕ ನಿಂತೆವು. ಹಿರೇಕೊಟ್ನೆಕಲ್ಲಿನಿಂದ ಭತ್ತ ತಂದಿದ್ದ ಒಬ್ಬ ರೈತ ನನ್ನ ಕೈಯಾಗಿನ ಕೋಲು ತಗೊಂಡ. "ಕೊಡ್ರಿ ಇಲ್ಲಿ, ಕಚೇರಿಯಾಗ ದಣಿದು ಬಂದೀರಿ." ಹೊಡೆದ, ಚೆಂಡು ತೂತಿಗೆ ಬಿತ್ತು. ಮಾಲೀಕರು ಸಿಟ್ಟಾಗ್ತಾರಂತ ನಾ ತಿಳಿದೆ. ಅವರು ತಮ್ಮ ಕೋಲನ್ನೂ ಒರೆಸಿ ಅವನ ಕೈಗೆ ಕೊಟ್ಟರು: "ಯಪ್ಪಾ, ನಂದೂ ಒಂದು ಹೊಡಿ."

ಆಟ ಪೂರಾ ಆ ರೈತನೇ ಎರಡೂ ಕಡಿಂದ ಆಡಿದ. ಗೆದ್ದವನು ನಾನು. ಮಂದಿ ಬಂದು ಕೈ ಕುಲುಕಿದರು.

೩. ದೇವದುರ್ಗ: ಹೋಗೋರ ಮರ್ಯಾದಿ

ಗಿರಣಿ ಮಾಲೀಕರು ಟೇಬಲ್ಲನ್ನ ದೇವದುರ್ಗದ ತಮ್ಮ ಬೀಗರಿಗೆ ಕೊಟ್ಟರು. ನಾನೂ ಅದರ ಹಿಂದೆನೇ ವರ್ಗ ಆಗಿ ಹೋದೆ. ಹೆಂಡತಿ ಮಕ್ಕಳು ಸಾಲಿ ಸಲುವಾಗಿ ರಾಯಚೂರಿನಾಗೇ ಇದ್ದರು. ಒಬ್ಬನೇ ಅನ್ನ ಬೇಯಿಸಿಕೊಂಡು ಉಣ್ಣುವಾಗ ಅಳು ಬಂದಂಗ ಆಗತಿತ್ತು. ಕಡೀಗೆ ರಾಯಚೂರಿಗೆ ವರ್ಗದ ಕಾಗದ ಬಂತು. ಹೊಸದಾಗಿ ಮೈಸೂರು ಕಡಿಂದ ಬಂದ ಸಾಹೇಬರ ಸಹಿ ಒಂದೇ ಬಾಕಿ.

ಸಾಹೇಬರಿಗೆ ಬಿಲಿಯರ್ಡ್ಸಿನ ಹುಚ್ಚು. ಆ ಬೀಗರ ಮನಿಗೆ ನನ್ನನ್ನೇ ಆಟಕ್ಕ ಕರೆದರು. ಸೋತು ಅವರನ್ನ ಖುಷಿ ಮಾಡಿ ಸಹಿ ತಗೊಂಡು ಬಿಡೂನು ಅಂತ ಹೋದೆ.

ಲಾರಿಯಾಗ ಬರುವಾಗ ಟೇಬಲ್ಲಿನ ಒಂದು ಕಾಲು ಮುರಿದು ಗಿಡ್ಡ ಆಗಿತ್ತು. ಮನಿ ಯಜಮಾನರು ಯಾವಾಗಲೂ ಆ ಮೂಲಿಗೇ ನಿಲ್ಲೋರು. ಪರಊರವರು ಸೋಲಬಾರದು ಅನ್ನೂದು ಆ ಮನಿ ಪದ್ಧತಿ. ಪರಊರವರ ಚೆಂಡು ತೂತಿನ ಹತ್ತಿರ ಬಂದರ ಯಜಮಾನರು ಮೊಣಕೈ ಊರೋರು, ಟೇಬಲ್ ಬಾಗಿ ಚೆಂಡು ಬೀಳತಿತ್ತು. ಎದುರಿನವರ ಚೆಂಡು ಬಂದರ ಮೊಣಕೈ ಎತ್ತೋರು, ಚೆಂಡು ಅಲ್ಲೇ ನಿಲ್ಲತಿತ್ತು. ಸಾಹೇಬರು ಹೊಸಬರು, ಹಂಗಾದರ ನನಗ ಸೋಲೂದು ಸಸಾರ ಅಂತ ಲೆಕ್ಕ ಹಾಕಿದ್ದೆ.

ಆದ್ರ ನಾ ಅಡ್ಡಾದಿಡ್ಡಿ ಹೊಡೆದ ಚೆಂಡು ಹೊಳ್ಳಿ ಬಂದು ತೂತಿಗೆ ಬಿತ್ತು. ಸಾಹೇಬರ ಚೆಂಡು ಅಂಚಿಗೆ ಬಂದು ನಿಂತು ಬಿಡತಿತ್ತು. ನಾ ಗೆದ್ದೆ.

ಯಜಮಾನರನ್ನ ಪಡಸಾಲಿಗೆ ಕರೆದು ಅಂದೆ, "ಪರಊರವರು ಅವರ್ರೀ, ನಾನಲ್ಲ."

"ಅವರು ಮನಿ ಹಿಡಿದಾರ, ಹಾಲು ಉಕ್ಕಿಸ್ಯಾರ, ಈ ಊರವರಾದ್ರು," ಅಂದರು. "ಹೋಗೋರು ನೀವು. ಸೋಲಿಸಿ ಕಳಿಸಿದರ ಊರಿನ ಮರ್ಯಾದಿ ಏನಾಗಬೇಕು?"

ಮರುದಿನ ಕಚೇರಿಯಾಗ ಸಾಹೇಬರು ನನ್ನ ಕಾಗದ ಮಡಚಿ ಡ್ರಾಯರಿನಾಗ ಇಟ್ಟರು. "ಒಂದು ಸಲನಾದ್ರೂ ನಿಮ್ಮನ್ನ ಸೋಲಿಸದೆ ಕಳಿಸೋದಿಲ್ಲ ಕಣ್ರೀ," ಅಂದರು.

ಅವತ್ತಿನಿಂದ ದಿನಾ ಆಡಿದೆವು. ಹೋಗೋ ಮನುಷ್ಯ ಅಂತ ಊರವರು ನನ್ನ ಗೆಲ್ಲಿಸಿದರು, ಗೆದ್ದ ಅಂತ ಸಾಹೇಬರು ಕಳಿಸಲಿಲ್ಲ. ಹಿಂಗ ಹೋಗೋ ಮನುಷ್ಯನಾಗೇ ನಾ ದೇವದುರ್ಗದಾಗ ಮತ್ತ ಮೂರು ವರ್ಷ ಇದ್ದೆ.