ಮಗಳ ಖೋ-ಖೋ, ನನ್ನ ತೂಬು

ನನ್ನಷ್ಟು ಕಂಪ್ಯೂಟರ್ ಬಲ್ಲವರು ನಮ್ಮ ಕಚೇರಿಯಲ್ಲಿ ಇನ್ನೊಬ್ಬರಿಲ್ಲ ಎಂದು ನಾನು ಬಹಳ ದಿನ ನಂಬಿದ್ದೆ. ಪ್ರಿಂಟರಿನಲ್ಲಿ ಕಾಗದ ಸಿಕ್ಕಿಕೊಂಡರೆ ಎಲ್ಲರೂ ನನ್ನನ್ನೇ ಕರೆಯುತ್ತಿದ್ದರು. ತಲೆ ತಿರುಗಲು ಅಷ್ಟು ಸಾಕು!

ಅಂದು ಮಧ್ಯಾಹ್ನ ಕುಷ್ಟಗಿಯಲ್ಲಿ ಮಗಳು ನೀಲಾಳ ಖೋ-ಖೋ ಫೈನಲ್. ಇಂಟರ್‌ನೆಟ್ಟಿನಲ್ಲಿ ನೇರವಾಗಿ ತೋರಿಸುವವರಿದ್ದರು. "ಅಪ್ಪಾ, ಆಟಕ್ಕ ಇಳಿಯೂ ಮೊದ್ಲ ಕ್ಯಾಮೆರಾಕ್ಕ ಕೈ ಬೀಸ್ತೀನಿ. ಅದು ನಿನಗ. ನೋಡಬೇಕು ಮತ್ತ!" ಎಂದು ಹೇಳಿ ಹೋಗಿದ್ದಳು.

ಹೆಂಡತಿ ಶಾರದಾ ಎಚ್ಚರಿಸಿದಳು. "ನಿಮ್ಮ ಆಫೀಸಿನ ಒಳಗ ಸಿಗ್ನಲ್ ಬರಂಗಿಲ್ಲ. ಊಟದ ಹೊತ್ತಿನ್ಯಾಗ ಹೊರಗ ಬೇವಿನ ಗಿಡದ ಕೆಳಗ ನಿಂತು ಫೋನಿನ್ಯಾಗ ನೋಡ್ರಿ."

"ಗಿಡದ ಕೆಳಗ ಯಾಕ? ಆಫೀಸಿನ ದೊಡ್ಡ ಸ್ಕ್ರೀನಿನ್ಯಾಗ ಕುಂತು ನೋಡ್ತೀನಿ!"

ಕುಳಿತೆ. ಲಿಂಕ್ ಒತ್ತಿದೆ. ಪರದೆ ತುಂಬ ಕೆಂಪು: 'ಈ ಜಾಲತಾಣವನ್ನು ನಿರ್ಬಂಧಿಸಲಾಗಿದೆ. ಕಚೇರಿ ಕೆಲಸಕ್ಕೆ ಬೇಕಿದ್ದರೆ ಕಾರಣ ತಿಳಿಸಿ.' ನಮ್ಮದು ಕಾಲುವೆ ನೀರು ನೋಡಿಕೊಳ್ಳುವ ಕಚೇರಿ. 'ಸೋರುತ್ತಿರುವ ತೂಬುಗಳ ದುರಸ್ತಿ ವಿಧಾನವನ್ನು ವಿಡಿಯೊ ಮೂಲಕ ಅಭ್ಯಸಿಸಲು' ಎಂದು ಗಂಭೀರವಾಗಿ ಬರೆದೆ.

ಅನುಮತಿ ಕೊಡುವವರು ನಮ್ಮ ಸಾಹೇಬರೇ ಎಂದು ನನಗೆ ಗೊತ್ತಿರಲಿಲ್ಲ. ತಾಣ ತೆರೆಯಿತು. ಹಿಂದೆಯೇ ಸಾಹೇಬರ ಬಾಗಿಲೂ ತೆರೆಯಿತು!

"ಭಾಳ ಛಲೋ ವಿಚಾರ ಮಾಡೀರಿ! ಹಚ್ರಿ, ನಾನೂ ನೋಡ್ತೀನಿ" ಎಂದು ಕುರ್ಚಿ ಎಳೆದುಕೊಂಡು ಪಕ್ಕದಲ್ಲೇ ಕೂತರು.

ಹಚ್ಚಿದೆ. ಪರದೆಯ ಮೇಲೆ ಯಾರೋ ತೂಬು ಬಿಚ್ಚಿದರು, ತುಕ್ಕು ಕೆರೆದರು, ರಬ್ಬರ್ ಕೂಡಿಸಿದರು. ಒಂದು ಮುಗಿದರೆ ಸಾಹೇಬರದು ಒಂದೇ ಮಾತು, "ಮುಂದಿಂದು ಹಚ್ರಿ." ಹೊರಗೆ ಬೇವಿನ ಗಿಡದ ಕೆಳಗೆ ಕೇಕೆ, ಚಪ್ಪಾಳೆ.

"ಊಟದ ಹೊತ್ತಿನ್ಯಾಗೂ ಕೆಲಸದ ಮ್ಯಾಲೆ ಲಕ್ಷ್ಯ ಇರೋದು ನಿಮಗೊಬ್ಬರಿಗೆ ನೋಡ್ರಿ" ಎಂದರು. ಆಗಲೇ ನಿಜ ಹೇಳಿ ಎದ್ದು ಹೋಗಬೇಕಿತ್ತು. ಹೊಗಳಿಕೆ ಬಿಟ್ಟು ಏಳಲು ಮನಸ್ಸಾಗಲಿಲ್ಲ.

ಅಷ್ಟರಲ್ಲಿ ಜವಾನ ಮೌಲಾಸಾಬ್ ಓಡಿ ಬಂದ. "ಸರ್, ನಿಮ್ಮ ನೀಲಾನ ಟೀಮ್ ಗೆದ್ದೈತ್ರಿ! ಕಡೀ ಹುಡುಗೀನ ಆಕಿನಽ ಹಾರಿ ಔಟ್ ಮಾಡಿದ್ಲು. ಗಿಡದ ಕೆಳಗ ಎಲ್ಲಾರೂ ನನ್ನ ಫೋನಿನ್ಯಾಗ ನೋಡಿದ್ವಿ. ನೀವ್ಯಾಕ ಬರಲಿಲ್ಲ?"

ಸಾಹೇಬರು ನನ್ನತ್ತ ತಿರುಗಿದರು. "ಮಗಳ ಫೈನಲ್ ಇತ್ತೇನ್ರಿ? ಮೊದ್ಲ ಹೇಳಿದ್ರ ರಜಾ ಕೊಟ್ಟು ಕುಷ್ಟಗಿಗೇ ಕಳಸ್ತಿದ್ದೆ."

ಭೂಮಿ ಬಾಯ್ಬಿಡಬಾರದೇ ಎನಿಸಿತು. ಆಮೇಲೆ ಹುಡುಕಿದರೆ ಆಟದ ವಿಡಿಯೊವನ್ನೇ ತೆಗೆದುಹಾಕಿದ್ದರು.

ಸಂಜೆ ನೀಲಾ ಕಪ್ ಹಿಡಿದು ಬಂದಳು. "ಅಪ್ಪಾ, ಎರಡೂ ಕೈ ಬೀಸಿದ್ನಲ್ಲ, ಕಂಡ್ತೇನು?"

"ಇಲ್ಲವ್ವಾ" ಎಂದೆ. ಅವಳ ಮುಖ ಸಣ್ಣದಾಯಿತು. ಕಪ್ಪನ್ನು ಮೇಜಿನ ಮೇಲಿಟ್ಟು, "ಹೋಗ್ಲಿ ಬಿಡಪಾ. ಮೌಲಾಸಾಬ್ ಕಾಕಾ ನೋಡಿದ್ರಂತಲ್ಲ" ಎಂದಳು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ನನಗೆಂದೇ ಬೀಸಿದ ಕೈಯನ್ನು ಇಡೀ ಕಚೇರಿ ನೋಡಿತು, ನಾನೊಬ್ಬ ನೋಡಲಿಲ್ಲ. ಈಗ ತಾಲೂಕಿನಲ್ಲಿ ಎಲ್ಲಿ ತೂಬು ಸೋರಿದರೂ ಸಾಹೇಬರು ನನ್ನನ್ನೇ ಕಳಿಸುತ್ತಾರೆ. ತಜ್ಞನಂತೆ!