ನಾಲ್ಕು ಹಳದಿ ದೀಪಗಳ ಸನ್ನಿಧಾನಕ್ಕೆ

ಬಿಳಿ ಪಿಕಪ್ ಗಾಡಿಯೊಂದರ ಮುಂದೆ ಎರಡು, ಹಿಂದೆ ಎರಡರಂತೆ ವಿರಾಜಮಾನರಾಗಿ, ಕೆಂಪು ತ್ರಿಕೋನದ ಗುಂಡಿ ಒತ್ತಿದೊಡನೆ ಒಟ್ಟಿಗೇ ಮಿನುಗುವ ಸನ್ಮಾನ್ಯ ಹಳದಿ ದೀಪಗಳಿಗೆ,
ಒಫೆಲಿಯಾ ಅವರ ಬೇಕರಿಯ ಎದುರು, ಮೆರಿದಾ.

ಮಾನ್ಯರೇ,

ತಮ್ಮ ಬಲ್ಬುಗಳು ದೀರ್ಘಾಯುಷಿಗಳಾಗಿರಲಿ, ತಮ್ಮ ಗಾಜಿನ ಮೇಲೆ ಪಾರ್ಕಿನ ಹಕ್ಕಿಗಳ ಕೃಪೆ ಬೀಳದಿರಲಿ, ಮೇ ತಿಂಗಳ ಈ ಸುಡುಬಿಸಿಲಿನಲ್ಲೂ ತಮ್ಮ ಕಾಂತಿ ಮಾಸದಿರಲಿ ಎಂದು ಮನಸಾರೆ ಹಾರೈಸಿ, ಪತ್ರಿಕೆಯವರ ಔದಾರ್ಯದಿಂದ ಈ ಪತ್ರವನ್ನು ಹತ್ತು ಜನರೆದುರು ಬರೆಯುತ್ತಿದ್ದೇನೆ. ಗಾಡಿಯ ಒಡೆಯರಿಗೇ ಬರೆಯಬಹುದಿತ್ತಲ್ಲ ಎಂದು ತಾವು ಕೇಳಬಹುದು. ಆದರೆ ಒಡೆಯರು ಯಾವಾಗಲೂ ಒಳಗಿರುತ್ತಾರೆ, ತಾವು ಯಾವಾಗಲೂ ಹೊರಗಿರುತ್ತೀರಿ, ಬಂದವರಿಗೆಲ್ಲ ಅವರ ಪರವಾಗಿ ಐದೇ ನಿಮಿಷ ಎಂದು ಸಮಾಧಾನ ಹೇಳುವವರೂ ತಾವೇ. ಊರಿನಲ್ಲಿ ನಿಜವಾದ ಅಧಿಕಾರ ಯಾರ ಕೈಯಲ್ಲಿದೆ ಎಂಬುದು ಅರವತ್ತು ದಾಟಿದ ಮೇಲಾದರೂ ನನಗೆ ತಿಳಿಯಬೇಡವೇ?

ನನ್ನ ಪರಿಚಯ ಹೇಳಿಕೊಳ್ಳುತ್ತೇನೆ. ನಾನು ನೆಲ್ಸಿ ಸೆತೀನಾ. ಮಗುವಾಗಿದ್ದಾಗಲೇ ಪೋಲಿಯೋ ಬಂದು ಹೋದದ್ದರಿಂದ ನನ್ನ ಎಡಗಾಲು ಕ್ಯಾಲಿಪರ್ ತೊಟ್ಟುಕೊಂಡು, ನಾನು ಹೋದಲ್ಲಿಗೆಲ್ಲ ನನಗಿಂತ ತುಸು ತಡವಾಗಿ ಬರುತ್ತದೆ. ಗೇರನ್ನು ತಾನೇ ಬದಲಿಸಿಕೊಳ್ಳುವ ಒಂದು ಸಣ್ಣ ಕೆಂಪು ಕಾರು ನನ್ನ ಬಳಿ ಇದೆ, ಅದಕ್ಕೆ ಬಲಗಾಲೊಂದೇ ಸಾಕು. ಅದರ ನಂಬರ್ ಪ್ಲೇಟಿನ ಮೇಲೆ ಗಾಲಿಕುರ್ಚಿಯ ಮನುಷ್ಯನ ಚಿತ್ರವಿದೆ. ಬೇರೆಯವರ ಗಾಡಿಯಲ್ಲಿ ಹೋಗುವಾಗ ಕನ್ನಡಿಗೆ ತೂಗುಹಾಕಲು ಅದೇ ಚಿತ್ರದ ಒಂದು ನೀಲಿ ಕಾರ್ಡನ್ನೂ ಕೊಟ್ಟಿದ್ದಾರೆ. ಪ್ಲೇಟು ಕಾರಿನದು, ಕಾರ್ಡು ನನ್ನದು, ಆದರೆ ನಾನು ಜೊತೆಗಿಲ್ಲದಿದ್ದರೆ ಎರಡಕ್ಕೂ ಬೆಲೆಯಿಲ್ಲ. ನನ್ನ ಮಗಳು ಮಿರ್ನಾ ಒಮ್ಮೆ ನನ್ನ ಕಾರು ತೆಗೆದುಕೊಂಡು ಹೋಗಿ, ನನ್ನಂಥವರಿಗೆಂದು ನೀಲಿ ಬಳಿದು ಮೀಸಲಿಟ್ಟ ಜಾಗದಲ್ಲಿ ನಿಲ್ಲಿಸಿ ಬಂದಾಗ ನಾನು ಅವಳನ್ನು ಬಾಗಿಲಲ್ಲೇ ನಿಲ್ಲಿಸಿ ಬೈದಿದ್ದೆ: "ಆ ಜಾಗ ಕೊಟ್ಟಿರೋದು ನನ್ ಕಾಲಿಗೆ ಕಣೇ, ಕಾರಿಗಲ್ಲ. ನನ್ನ ಮನೇಲಿ ಬಿಟ್ಟು ಹೋದ್ರೆ ಆ ಜಾಗಾನೂ ಬಿಟ್ಟು ಹೋಗ್ಬೇಕು!" ಅವಳು, "ಅಯ್ಯೋ ಅಮ್ಮ, ಐದೇ ನಿಮಿಷ ತಾನೆ?" ಎಂದಳು. ತಮ್ಮ ಮಂತ್ರ ನನ್ನ ಮನೆಯೊಳಗೂ ಹೊಕ್ಕಿದೆಯೆಂದು ನನಗೆ ಅಂದು ಗೊತ್ತಾಯಿತು.

ಈ ಪ್ಲೇಟಿಗೂ ಕಾರ್ಡಿಗೂ ನಾನು ಪಟ್ಟ ಪಾಡನ್ನು ತಮ್ಮಂಥ ಅನಾಯಾಸ ಅಧಿಕಾರಿಗಳ ಮುಂದೆ ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಅವಧಿ ಮುಗಿದಾಗಲೆಲ್ಲ ಫೋಟೋ ತೆಗೆಸಿ, ಜೆರಾಕ್ಸ್ ಮಾಡಿಸಿ, ಡಾಕ್ಟರರ ಮುಂದೆ ಕಾಲು ಚಾಚಿ ಕೂರಬೇಕು, ಹೋದ ಸಲದಿಂದ ಈಚೆಗೆ ಅದು ಸುಧಾರಿಸಿಬಿಟ್ಟಿದೆಯೋ ಎಂದು ಅವರು ಪರೀಕ್ಷಿಸಬೇಕು. ಇಷ್ಟೆಲ್ಲ ಆಗಿ ಕಾರ್ಡು ಕೈಗೆ ಬಂದರೆ, ಗಾಡಿ ಓಡಿಸುವಾಗ ಅದನ್ನು ತೆಗೆದಿಡಬೇಕು, ನಿಲ್ಲಿಸಿದಾಗ ಮರೆಯದೆ ತೂಗುಹಾಕಬೇಕು, ತೂಗುಹಾಕಿದರೆ ನಮ್ಮೂರಿನ ಬಿಸಿಲಿಗೆ ಅದರ ಬಣ್ಣ ಹಾರಬೇಕು. ಮೊನ್ನೆ ಮೊನ್ನೆ ಮಿರ್ನಾಳ ಕಾರಿನಲ್ಲಿ ಹೋಗಿದ್ದಾಗ ಒಬ್ಬ ಪೊಲೀಸಪ್ಪ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ಮರ್ಯಾದೆಯಿಂದಲೇ, "ದೋನ್ಯಾ, ಇದ್ರಲ್ಲಿ ಯಾರೂ ಇಲ್ವಲ್ಲ?" ಎಂದ. "ಪಾಪ, ಸೆಕೆ ತಡೀಲಾರ್ದೆ ಎದ್ದು ಹೋಗಿರ್ಬೇಕು ಕಣಪ್ಪ" ಎಂದೆ. ಅವನು ನಗಲಿಲ್ಲ, ಹೊಸದನ್ನು ಮಾಡಿಸಿಕೊಳ್ಳಿ ಎಂದು ಹೇಳಿ ಹೋದ.

ತಮಗೋ ಅರ್ಜಿಯಿಲ್ಲ, ಫೋಟೋ ಇಲ್ಲ, ಕಾಲು ಚಾಚುವ ಕಷ್ಟವಿಲ್ಲ. ಒಂದು ಗುಂಡಿ ಒತ್ತಿದರೆ ಸಾಕು, ಶಾಲೆಯ ಗೇಟು, ಮದುವೆ ಮುಗಿಸಿ ಜನ ಹೊರಬರುವ ಚರ್ಚಿನ ಬಾಗಿಲು, ಅಷ್ಟೇ ಏಕೆ, ಅಂಬುಲೆನ್ಸು ಹೊರಡುವ ದಾರಿ ಕೂಡ ತಮಗೆ ಪಾರ್ಕಿಂಗ್ ಜಾಗವಾಗುತ್ತದೆ. ತಾವು ಮಿನುಗುತ್ತಿರುವಷ್ಟು ಹೊತ್ತು ಗಾಡಿ ಅಲ್ಲಿದ್ದೂ ಇಲ್ಲದಂತೆ! ತಮ್ಮಲ್ಲಿ ನನ್ನದೊಂದು ನಮ್ರ ವಿನಂತಿ. ತಮ್ಮಲ್ಲಿ ಇಬ್ಬರು ದಯಮಾಡಿ ಬಂದು ನನ್ನ ಎರಡು ಕಿವಿಗಳ ಮೇಲೆ ಕುಳಿತುಕೊಳ್ಳಲಾದೀತೇ? ಬ್ಯಾಂಕಿನ ಕ್ಯೂನಲ್ಲಿ, ಡಾಕ್ಟರರ ಬಾಗಿಲಲ್ಲಿ ನಾನೂ ಮಿನುಗುತ್ತಾ ನೇರವಾಗಿ ಮುಂದೆ ಹೋಗಿಬಿಡುತ್ತೇನೆ, ಯಾರಾದರೂ ತಕರಾರು ತೆಗೆದರೆ ಐದೇ ನಿಮಿಷ ಎನ್ನುತ್ತೇನೆ.

ಈಗ ವಿಷಯಕ್ಕೆ ಬರುತ್ತೇನೆ. ಶನಿವಾರ ಮಧ್ಯಾಹ್ನದ ಮೇಲೆ ಒಫೆಲಿಯಾಳ ಬೇಕರಿಯ ಹಿತ್ತಲಿನಲ್ಲಿ ನಾವು ನಾಲ್ವರು ಹೆಂಗಸರು ಗಿಟಾರು ಹಿಡಿದು ಹಳೆಯ ಪ್ರೇಮಗೀತೆಗಳನ್ನು ಹಾಡುತ್ತೇವೆ. ಯಾವ ಸಭೆಗೂ ಅಲ್ಲ, ನಮ್ಮ ಖುಷಿಗೆ. ನನ್ನದು ಕೆಳಗಿನ ಸ್ವರ. ನಾನು ಹೋಗದಿದ್ದರೆ ಹಾಡು ಕುಂಟುತ್ತದಂತೆ, ಆ ಗುಂಪಿನಲ್ಲಿ ಕುಂಟಲು ಸರ್ಕಾರದ ಅನುಮತಿ ಇರುವುದು ನನಗೊಬ್ಬಳಿಗೇ ಆದ್ದರಿಂದ ನಾನು ತಪ್ಪಿಸುವುದಿಲ್ಲ. ಬೇಕರಿಯ ಎದುರಿಗೆ ಒಂದು ನೀಲಿ ಜಾಗವಿದೆ, ಅದರ ಪಕ್ಕದಲ್ಲೇ ಓರೆ ಗೆರೆಗಳ ಒಂದು ಪಟ್ಟಿ. ಆ ಪಟ್ಟಿಯನ್ನು ಜನ ಬಣ್ಣ ಉಳಿದು ಬಳಿದದ್ದು ಎಂದುಕೊಂಡಿದ್ದಾರೆ. ಕಾರಿನ ಬಾಗಿಲನ್ನು ಪೂರ್ತಿ ತೆರೆದು, ಮಡಚದ ಕಾಲನ್ನು ಎರಡೂ ಕೈಯಲ್ಲಿ ಎತ್ತಿ ಹೊರಗಿಡುವುದಕ್ಕೆ ಅದು ಬೇಕೇ ಬೇಕು.

ಮೂರು ತಿಂಗಳಿಂದ ಆ ನೀಲಿ ಜಾಗದಲ್ಲಿ ತಮ್ಮದೇ ದರ್ಬಾರು. ತಮ್ಮ ಒಡೆಯರಾದ ದೋನ್ ವಿಲ್ಬೆರ್ತ್ ಅವರು ಕೊಳಾಯಿ ರಿಪೇರಿ ಮಾಡುವವರು, ಮಕ್ಕಳೊಂದಿಗ, ಶನಿವಾರ ಕೆಲಸ ಮುಗಿಸಿ ಮನೆಗೆ ಬ್ರೆಡ್ಡು ಒಯ್ಯಲು ಬರುತ್ತಾರೆ. ಆ ಹೊತ್ತಿಗೆ ಬೇಕರಿಯಲ್ಲಿ ಇಡೀ ಬಡಾವಣೆಯೇ ತಟ್ಟೆ ಚಿಮಟ ಹಿಡಿದು ನಿಂತಿರುತ್ತದೆಂದು ಅವರಿಗೂ ಗೊತ್ತು, ತಮಗೂ ಗೊತ್ತು. ಹೀಗೆಯೇ ಒಂದು ಶನಿವಾರ ತಮ್ಮನ್ನು ಕಂಡು ನಾನು ಪಾರ್ಕಿನ ಆಚೆ ಬದಿಯಲ್ಲಿ ಕಾರು ಬಿಟ್ಟು ನಡೆದು ಬರುತ್ತಾ, ಮರದ ಬೇರು ಎಬ್ಬಿಸಿದ ಕಲ್ಲಿಗೆ ಎಡವಿ ಬಿದ್ದೆ. ಯಾರೋ ಮಿರ್ನಾಳಿಗೆ ಫೋನ್ ಮಾಡಿದರು. ಅವಳು ಅಡುಗೆಮನೆಯ ಏಪ್ರನ್‌ನಲ್ಲೇ ಓಡಿ ಬಂದು ನನ್ನನ್ನು ಎತ್ತಿ ಕೂರಿಸಿ, ಅತ್ತು, ಆಮೇಲೆ ಕಣ್ಣೊರೆಸಿಕೊಂಡು ಹೇಳಿದಳು: "ನೋಡಮ್ಮ, ಇನ್ನೊಂದೇ ಒಂದ್ಸಲ ನಂಗೆ ಹೀಗೆ ಫೋನ್ ಬಂತೋ, ಕಾರ್ ಕೀ ನನ್ ಹತ್ರ ಇರತ್ತೆ. ಎಲ್ಲಿಗ್ ಬೇಕು ಹೇಳು, ನಾನ್ ಕರ್ಕೊಂಡ್ ಹೋಗ್ತೀನಿ."

ಅವಳು ಆಡಿದರೆ ಮಾಡುವವಳು. ಪ್ರೀತಿಯಿಂದಲೇ ಹೇಳಿದ್ದು, ನನಗೆ ಗೊತ್ತು. ಆದರೆ ಮಾನ್ಯರೇ, ಬೇಕಾದ ಕಡೆಗೆಲ್ಲ ಮಗಳು ಕರೆದೊಯ್ದಾಳು. ಬೇಕಿಲ್ಲದ ಕಡೆಗೆ, ಸುಮ್ಮನೆ ಸಮುದ್ರ ನೋಡಿಕೊಂಡು ಬರೋಣವೆಂದು ಮಧ್ಯಾಹ್ನ ಹುಟ್ಟಿದ ಆಸೆಗೆ, ಹಾಡು ಮುಗಿದ ಮೇಲೂ ಹರಟೆಗೆ ಕೂತಿರುವುದಕ್ಕೆ ನನ್ನನ್ನು ಯಾರು ಕರೆದೊಯ್ಯುತ್ತಾರೆ? ಹುಡುಗಿಯಾಗಿದ್ದಾಗ ಯಾರಾದರೂ ಎತ್ತಿಕೊಂಡು ಹೋದರೆ ಮಾತ್ರ ನಾನು ಊರು ನೋಡುತ್ತಿದ್ದೆ. ಆ ಕೀಲಿ ಕೈಗೆ ಬಂದ ದಿನ ನಾನು ಸ್ಟೀರಿಂಗ್ ಹಿಡಿದುಕೊಂಡು ಅತ್ತಿದ್ದೆ. ಅದನ್ನು ಕೊಡಲು ನನಗೆ ಇಷ್ಟವಿಲ್ಲ.

ಹೋದ ಶನಿವಾರಕ್ಕೆ ಹಿಂದಿನ ಶನಿವಾರ ನಾನು ಬಂದಾಗ ತಾವು ಎಂದಿನಂತೆ ಬೇಕರಿಯ ಕಡೆ ಮೂತಿ ಮಾಡಿ, ನೀಲಿ ಜಾಗದಲ್ಲಿ ಮಿನುಗುತ್ತಿದ್ದಿರಿ. ಗಾಡಿಗಳಿಗೆ ಕೆಂಪು ಬಟ್ಟೆ ಬೀಸಿ ಚಿಲ್ಲರೆ ಗಳಿಸುವ ದೋನ್ ಫಿತೋ ನನ್ನ ಕಿಟಕಿಗೆ ಬಂದು, "ಈಗ್ ಬಂದ್ಬಿಡ್ತಾರೆ ದೋನ್ಯಾ, ಲೈಟ್ ಹಾಕಿದಾರಲ್ಲ" ಎಂದು ಸಮಾಧಾನ ಹೇಳಿದರು. ನಾನು ಪಾರ್ಕನ್ನು ಒಂದು ಸುತ್ತು ಬಂದೆ, ಇನ್ನೊಂದು ಸುತ್ತು ಬಂದೆ, ಒಳಗಿನಿಂದ ಗಿಟಾರಿನ ಶ್ರುತಿ ಮಾಡುವ ಸದ್ದು ಕೇಳಿತು. ಆಗ ನನಗೆ ಜ್ಞಾನೋದಯವಾಯಿತು. ನನ್ನ ಡ್ಯಾಶ್‌ಬೋರ್ಡಿನಲ್ಲೂ ಒಂದು ಕೆಂಪು ತ್ರಿಕೋನವಿದೆ! ತಮ್ಮ ಬೆನ್ನಿಗೆ ಅಡ್ಡಲಾಗಿ ನನ್ನ ಕಾರನ್ನು ನಿಲ್ಲಿಸಿ, ಗುಂಡಿ ಒತ್ತಿ, ಕೋಲು ತೆಗೆದುಕೊಂಡು ಒಳಗೆ ನಡೆದೆ. ತಾವೂ ನನ್ನವರೂ ಒಬ್ಬರಿಗೊಬ್ಬರು ಕಣ್ಣು ಮಿಟುಕಿಸುತ್ತಿದ್ದುದನ್ನು ನೋಡಿ ದೋನ್ ಫಿತೋ ಬಟ್ಟೆ ಬೀಸುವುದನ್ನೇ ಮರೆತರು.

ನಮ್ಮ ಎರಡನೆಯ ಹಾಡು ನಡೆಯುತ್ತಿದ್ದಾಗ ತಮ್ಮ ಒಡೆಯರು ಎದೆಗೆ ಬ್ರೆಡ್ಡಿನ ಪೊಟ್ಟಣ ಅವುಚಿಕೊಂಡು ಹಿತ್ತಲಿಗೆ ಬಂದರು. "ಆ ಕೆಂಪು ಕಾರು ಯಾರ್ದಮ್ಮಾ?"

"ನಂದೇ ಮಗಾ. ಐದೇ ನಿಮಿಷ" ಎಂದೆ ನಾನು, ಮತ್ತು ಮೂರನೆಯ ಹಾಡನ್ನು ಎತ್ತಿಕೊಂಡೆವು. ಅದರ ನಾಯಕಿ ಪ್ರಿಯತಮನಿಗಾಗಿ ಪೂರಾ ಏಳು ಚರಣ ಕಾಯುತ್ತಾಳೆ. ದೋನ್ ವಿಲ್ಬೆರ್ತ್ ಹಿಟ್ಟಿನ ಮೂಟೆಯ ಮೇಲೆ ಕೂತು ಅವಳ ಜೊತೆಗೆ ಕಾದರು. ಅವರು ಪೊಟ್ಟಣದಿಂದ ಸಕ್ಕರೆ ಉದುರಿಸಿದ ಒಂದು ಒಹಾಲ್ದ್ರಾ ತೆಗೆದು ತಿಂದರು, ಆಮೇಲೆ ಇನ್ನೊಂದು ತಿಂದರು. ಒಫೆಲಿಯಾ ಅವರಿಗೆ ನೀರು ಕೊಟ್ಟಳು. ಹಾಡುಗಳೆಲ್ಲ ಮುಗಿದು ನಾನು ಎದ್ದಾಗ ಅವರು ನನ್ನ ಮುಂದೆ ದಡಬಡ ನಡೆದು ಬಾಗಿಲು ಮುಟ್ಟಿ, ನಾನಿನ್ನೂ ಹಿತ್ತಲಲ್ಲೇ ಇರುವುದನ್ನು ಕಂಡು ವಾಪಸು ಬಂದರು. ಆಮೇಲೆ ನನ್ನ ಪಕ್ಕದಲ್ಲೇ, ನನ್ನ ಹೆಜ್ಜೆಗೆ ತಕ್ಕಂತೆ ಹೆಜ್ಜೆ ಸಣ್ಣದು ಮಾಡಿಕೊಂಡು ನಡೆದರು.

"ನಿಮ್ಗೆ ಕಾಲಿಂದು ಹಿಂಗಿದೆ ಅಂತ ಮೊದ್ಲೇ ಹೇಳ್ಬಾರ್ದಾ ದೋನ್ಯಾ?" ಎಂದರು ಮೆತ್ತಗೆ.

"ಗೋಡೆ ಮೇಲೆ ಬರ್ಸಿದೀನಿ, ನೆಲದ ಮೇಲೆ ಬರ್ಸಿದೀನಿ, ಕಾರಿನ್ ಪ್ಲೇಟ್ ಮೇಲೂ ಬರ್ಸಿದೀನಿ. ಇನ್ ಎಲ್ ಹೇಳ್ಲಪ್ಪ, ರೇಡಿಯೋದಲ್ಲಾ?"

ಇಷ್ಟು ಜಂಬವಾಗಿ ಹೇಳಿ ಕಾರೊಳಗೆ ಕೂತು ಕೀಲಿ ತಿರುಗಿಸಿದರೆ, ಟಿಕ್ ಎಂದಿತು, ಅಷ್ಟೇ. ನನ್ನ ನಾಲ್ಕು ದೀಪಗಳು ಮೊದಲ ಬಾರಿ ಸಿಕ್ಕ ಅಧಿಕಾರವನ್ನು ಚಲಾಯಿಸಿ ಚಲಾಯಿಸಿ ಹಳೆಯ ಬ್ಯಾಟರಿಯನ್ನು ಖಾಲಿ ಮಾಡಿ ಮಲಗಿಬಿಟ್ಟಿದ್ದವು. ದೋನ್ ಫಿತೋ ಒಳ್ಳೆಯ ಮನಸ್ಸಿನಿಂದಲೇ ಫೋನ್ ಕೈಗೆತ್ತಿಕೊಂಡು, "ಮಿರ್ನಾಗ್ ಹೇಳ್ಬಿಡ್ಲಾ?" ಎಂದರು. "ಬೇಡ!" ಎಂದು ನಾನು ಕಿರುಚಿದ್ದು ಪಾರ್ಕಿನ ಆಚೆಗೂ ಕೇಳಿರಬೇಕು. "ಅವ್ಳಿಗ್ ಗೊತ್ತಾದ್ರೆ ನನ್ ಕೀಲಿ ಹೋಗತ್ತೆ."

ತಮ್ಮ ಒಡೆಯರು ನನ್ನ ಮುಖ ನೋಡಿದರು. ಬ್ರೆಡ್ಡಿನ ಪೊಟ್ಟಣವನ್ನು ನನ್ನ ಮಡಿಲಿಗಿಟ್ಟು ಅಂಗಿಯ ತೋಳು ಮಡಚಿದರು. ಮೊದಲು ಅವರೂ ದೋನ್ ಫಿತೋ ಅವರೂ ಸೇರಿ ನನ್ನ ಕಾರನ್ನು ಮುಂದಕ್ಕೆ ತಳ್ಳಿದರು. ತಾವು ಹೊರಬಂದು ಪಕ್ಕಕ್ಕೆ ನಿಂತಿರಿ. ಬಸ್ಸು ಹಿಂದಿನಿಂದ ಹಾರನ್ ಹೊಡೆಯುತ್ತಿದ್ದರಿಂದ ನನ್ನ ಕಾರನ್ನು ನಡುರಸ್ತೆಯಲ್ಲಿ ಬಿಡುವಂತಿರಲಿಲ್ಲ, ತಳ್ಳಲು ಖಾಲಿಯಿದ್ದ ಜಾಗ ಇಡೀ ಬೀದಿಯಲ್ಲಿ ಒಂದೇ. ದೋನ್ ಫಿತೋ ತಳ್ಳುವುದನ್ನು ಬಿಟ್ಟು ಅಭ್ಯಾಸಬಲದಿಂದ "ಬರ್ಲಿ, ಬರ್ಲಿ, ಇನ್ನೂ ಬರ್ಲಿ!" ಎಂದು ಬಟ್ಟೆ ಬೀಸತೊಡಗಿದ್ದರಿಂದ, ದೋನ್ ವಿಲ್ಬೆರ್ತ್ ಒಬ್ಬರೇ ಬಾನೆಟ್ಟಿಗೆ ಎದೆಯೊತ್ತಿ, ಮುಂದಿನ ಪ್ಲೇಟಿನ ಗಾಲಿಕುರ್ಚಿಯ ಮನುಷ್ಯ ಮೊಣಕಾಲಿಗೆ ತಾಗುತ್ತಿರಲು, ಬೆವರು ಸುರಿಸುತ್ತಾ ನನ್ನನ್ನು ಹಿಮ್ಮುಖವಾಗಿ ನೀಲಿ ಜಾಗದೊಳಗೆ ತಳ್ಳಿ ಕೂರಿಸಿದರು. ಮೂರು ತಿಂಗಳಲ್ಲಿ ಅಲ್ಲಿ ನಾನು ಕಾರು ನಿಲ್ಲಿಸಿದ್ದು ಅದೇ ಮೊದಲು.

ಆಮೇಲೆ ತಮ್ಮನ್ನು ನನ್ನ ಎದುರಿಗೆ ತಂದು ನಿಲ್ಲಿಸಿ ಎರಡು ಬ್ಯಾಟರಿಗಳಿಗೂ ಕೇಬಲ್ ಹಾಕಿದರು. ನನ್ನ ಎಂಜಿನ್ ಎಚ್ಚೆತ್ತ ಹೊತ್ತಿಗೆ ಸರಿಯಾಗಿ ಮಿರ್ನಾ ಸಂಜೆಯ ಬ್ರೆಡ್ಡಿಗೆ ಬಂದಳು. ಅವಳ ಕಣ್ಣು ಕೇಬಲ್ಲಿನ ಮೇಲಿತ್ತು. "ಏನಾಯ್ತು?" ಎಂದಳು. ತಮ್ಮ ಒಡೆಯರು ಮುಖ ಒರೆಸಿಕೊಂಡು, "ನನ್ ಗಾಡಿ ಕೈ ಕೊಡ್ತಮ್ಮಾ. ಪುಣ್ಯಕ್ಕೆ ನಿಮ್ಮಮ್ಮ ಇದ್ರು, ಕರೆಂಟ್ ಕೊಟ್ಟು ಕಾಪಾಡಿದ್ರು" ಎಂದರು. ಕೇಬಲ್ಲಿನ ಗುಣವೇ ಅದು, ಯಾರು ಯಾರಿಗೆ ಕೊಡುತ್ತಿದ್ದಾರೆಂದು ನೋಡಿದವರಿಗೆ ತಿಳಿಯುವುದಿಲ್ಲ. ಮಿರ್ನಾ ಅವರನ್ನು ನೋಡಿ, ನನ್ನನ್ನು ನೋಡಿ, "ಹೌದಾ?" ಎಂದಷ್ಟೇ ಹೇಳಿ ಬೇಕರಿಯೊಳಗೆ ಹೋದಳು.

ಆದ್ದರಿಂದ ಮಾನ್ಯರೇ, ತಮ್ಮ ಮೇಲಿನ ದೂರನ್ನು ನಾನು ಅರ್ಧ ಹಿಂತೆಗೆದುಕೊಳ್ಳುತ್ತಿದ್ದೇನೆ. ಒಡೆಯರು ಸಜ್ಜನರು, ದಾರಿ ತಪ್ಪಿಸುತ್ತಿರುವವರು ತಾವು. ಇನ್ನು ಮೇಲೆ ಅವರು ಗುಂಡಿ ಒತ್ತಿದಾಗ ಒಂದು ಕ್ಷಣ ಮಿನುಗದೆ ಸುಮ್ಮನಿದ್ದು, ನೆಲದ ಮೇಲೆ ಏನು ಬರೆದಿದೆ ಎಂದು ಓದಿಕೊಳ್ಳಲು ಅವರಿಗೆ ಅವಕಾಶ ಕೊಡಬೇಕೆಂದು ಪ್ರಾರ್ಥನೆ.

ತಮ್ಮ ಕಾಂತಿಗೆ ತಲೆಬಾಗಿ, ಕಾಲು ಮಾತ್ರ ಬಾಗಿಸಲಾರದ,
ತಮ್ಮ ವಿಶ್ವಾಸಿ,
ನೆಲ್ಸಿ ಸೆತೀನಾ

ಮರೆತ ಮಾತು: ಹೋದ ಶನಿವಾರ ದೋನ್ ವಿಲ್ಬೆರ್ತ್ ಪಾರ್ಕಿನ ಆಚೆ ಬದಿಯಲ್ಲಿ ಗಾಡಿ ನಿಲ್ಲಿಸಿ ಬ್ರೆಡ್ಡಿಗೆ ನಡೆದು ಬಂದರು, ನೀಲಿ ಜಾಗ ಖಾಲಿಯಿತ್ತು. ಆದರೆ ಪಕ್ಕದ ಓರೆ ಗೆರೆಗಳ ಮೇಲೆ, ನನ್ನ ಬಾಗಿಲು ತೆರೆಯುವ ಕಡೆಗೇ, ಒಂದು ಮೋಟರ್‌ಬೈಕು ಪುಟ್ಟ ಪುಟ್ಟ ಹಳದಿ ದೀಪಗಳನ್ನು ಮಿನುಗಿಸುತ್ತಾ ನಿಂತಿತ್ತು. ಅವು ತಮ್ಮ ಮಕ್ಕಳೇ? ಹಾಗಿದ್ದಲ್ಲಿ ಅವುಗಳ ಕಿವಿಗೆ ಒಂದು ಸುದ್ದಿ ಹಾಕಿಬಿಡಿ. ಸೋಮವಾರ ಮಿರ್ನಾ ನನ್ನ ಕಾರನ್ನು ಕೇಳದೆ ತೆಗೆದುಕೊಂಡು ಹೋಗಿ, ಸಂಜೆ ತಂದು ನಿಲ್ಲಿಸಿ, ಕೀಲಿಯನ್ನು ನನ್ನ ಅಂಗೈಯಲ್ಲಿಟ್ಟು ಹೋದಳು. ಬಾನೆಟ್ ಎತ್ತಿ ನೋಡಿದರೆ ಹೊಚ್ಚ ಹೊಸ ಬ್ಯಾಟರಿ. ಈಗ ನಾನು ಸಂಜೆಯವರೆಗೂ ಮಿನುಗಬಲ್ಲೆ.